ರ‍್ಯಾಪ್ ಜೊತೆ ಹೆವಿ ರಾಕ್: ಯಾವ ತಂಡದಿಂದ ಕೇಳಲು ಶುರು ಮಾಡಬೇಕು?

ಹಾಡು ಒಂದೇ, ಸಾಹಿತ್ಯ ಒಂದೇ, ಹೇಳುವ ಗಂಟಲುಗಳೂ ಅವೇ. ರೂಪ ಮಾತ್ರ ಎರಡು. 2000ದ ಏಪ್ರಿಲ್‌ನಲ್ಲಿ ಸೈಪ್ರೆಸ್ ಹಿಲ್ ಎಂಬ ಅಮೆರಿಕದ ಹಿಪ್‌ಹಾಪ್ ತಂಡ 'ಸ್ಕಲ್ ಆ್ಯಂಡ್ ಬೋನ್ಸ್' ಹೆಸರಿನ ಜೋಡಿ ಸೀಡಿ ಹೊರತಂದಿತು. ಮೊದಲ ಸೀಡಿ ಅಪ್ಪಟ ಹಿಪ್‌ಹಾಪ್, ಅಂದರೆ ಬೀಟಿನ ಮೇಲೆ ರ‍್ಯಾಪ್. ಎರಡನೆಯದರಲ್ಲಿ ಗಿಟಾರ್, ಬೇಸ್, ಡ್ರಮ್ಸ್ ಎಲ್ಲ ಇರುವ ಹೆವಿ ರಾಕ್. ಎರಡರಲ್ಲೂ ಇದ್ದ ಹಾಡು 'ಸೂಪರ್‌ಸ್ಟಾರ್'. ಒಂದು ಕಡೆ ಅದು 'ರ‍್ಯಾಪ್ ಸೂಪರ್‌ಸ್ಟಾರ್', ಇನ್ನೊಂದು ಕಡೆ 'ರಾಕ್ ಸೂಪರ್‌ಸ್ಟಾರ್'. ಈ ಬೆರಕೆ ಸಂಗೀತವನ್ನು ಎಲ್ಲಿಂದ ಶುರು ಮಾಡಲಿ ಎಂದು ಯಾರೇ ಕೇಳಿದರೂ ನಾನು ಮೊದಲು ಕೇಳಿಸುವುದು ಈ ಎರಡನ್ನು.

ಯಾಕೆಂದರೆ ರ‍್ಯಾಪ್–ರಾಕ್ ಎಂದು ಒಂದೇ ಹೆಸರಿನಡಿ ಸೇರಿಸಿದ ತಂಡಗಳು ಒಂದರಂತೆ ಇನ್ನೊಂದಿಲ್ಲ. ಕೆಲವದರಲ್ಲಿ ಮನೆ ಹಿಪ್‌ಹಾಪಿನದು, ಗಿಟಾರ್ ಬಂದುಹೋಗುವ ನೆಂಟ. ಇನ್ನು ಕೆಲವದರಲ್ಲಿ ಮನೆ ರಾಕಿನದು, ರ‍್ಯಾಪ್ ಅಲ್ಲಿಗೆ ಬಂದು ನೆಲೆಸಿದ್ದು. ಇದು ಗೊತ್ತಿಲ್ಲದೆ ಯಾವುದೋ ಪಟ್ಟಿಯ ಮೊದಲ ಆಲ್ಬಂ ಹಾಕಿ, ಮೂರು ಹಾಡು ಕೇಳಿ, 'ಇದು ನನಗಲ್ಲ' ಎಂದು ಬಿಟ್ಟವರು ಬಹಳ ಮಂದಿ. ಅವರಲ್ಲಿ ಹೆಚ್ಚಿನವರಿಗೆ ಸಂಗೀತ ಹಿಡಿಸದೆ ಹೋದದ್ದಲ್ಲ, ಪ್ರವೇಶಿಸಿದ ಬಾಗಿಲು ತಪ್ಪಿತ್ತು ಅಷ್ಟೇ.

ಮೊದಲು ಎರಡು ಹಾಡಿನ ಪರೀಕ್ಷೆ

ಇಯರ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಕೆಳಸ್ತರದ ಸದ್ದು ಬರುವುದೇ ಇಲ್ಲ, ಅರ್ಧ ಸಂಗೀತ ಅಲ್ಲೇ ಕಳೆದುಹೋಗುತ್ತದೆ. ಮೊದಲು 'ರ‍್ಯಾಪ್ ಸೂಪರ್‌ಸ್ಟಾರ್' ಕೇಳಿ. ತಂಡಕ್ಕೆ ಬೀಟ್ ಕಟ್ಟುವ ಡಿಜೆ ಮಗ್ಸ್ ಜೋಡಿಸಿದ ಕತ್ತಲೆ ಕವಿದಂಥ ಒಂದು ತುಣುಕು ಸುತ್ತಿ ಸುತ್ತಿ ಬರುತ್ತದೆ. ಅದರ ಮೇಲೆ ಬಿ-ರಿಯಲ್‌ನ ಮೂಗಿನಿಂದ ಬರುವ ಎತ್ತರದ, ಚುಚ್ಚುವ ದನಿ. ಆಗಾಗ ಸೆನ್ ಡಾಗ್‌ನ ದಪ್ಪ ದನಿ ಕೆಳಗಿನಿಂದ ಆನಿಸಿ ಹಿಡಿಯುತ್ತದೆ. ತಾರೆಯಾಗಲು ಹಂಬಲಿಸುವ ಹುಡುಗರಿಗೆ ಆ ಹೊಳಪಿನ ಹಿಂದೆ ಏನಿದೆ ಎಂದು ಅನುಭವಸ್ಥರು ಹೇಳುವ ಎಚ್ಚರಿಕೆಯ ಹಾಡು ಇದು. ನಡುವೆ ರ‍್ಯಾಪರ್‌ಗಳಾದ ಎಮಿನೆಮ್ ಮತ್ತು ನೊರಿಯಾಗ ಮಾತನಾಡುತ್ತಾರೆ. ಈಗ 'ರಾಕ್ ಸೂಪರ್‌ಸ್ಟಾರ್' ಹಾಕಿ. ಮಾತಿನ ಚೌಕಟ್ಟು ಹಾಗೆಯೇ ಇದೆ, ಆದರೆ ಗಿಟಾರಿನ ಗೋಡೆ ಎದ್ದಿದೆ. ನಡುವೆ ಮಾತನಾಡುವವರು ಮಾತ್ರ ಬೇರೆ: ರಾಕ್ ತಂಡ ಡೆಫ್‌ಟೋನ್ಸ್‌ನ ಚೀನೋ ಮೊರೆನೋ, ಜೊತೆಗೆ ಎವರ್‌ಲಾಸ್ಟ್.

ಕೇಳಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಬೇಕಾದ್ದು ಇಷ್ಟು: ಮತ್ತೊಮ್ಮೆ ಯಾವುದನ್ನು ಹಾಕಬೇಕೆನ್ನಿಸಿತು? ಮೊದಲನೆಯದಾದರೆ ರನ್-ಡಿಎಂಸಿ, ಬೀಸ್ಟೀ ಬಾಯ್ಸ್ ಮತ್ತು ಸೈಪ್ರೆಸ್ ಹಿಲ್‌ನದೇ ಹಳೆಯ ಆಲ್ಬಂಗಳು ನಿಮ್ಮ ದಾರಿ. ಎರಡನೆಯದಾದರೆ ರೇಜ್ ಅಗೇನ್ಸ್ಟ್ ದ ಮಷೀನ್, ಬಾಡಿ ಕೌಂಟ್. ಎರಡೂ ಚೆನ್ನಾಗಿತ್ತು, ಆದರೆ ಎಲ್ಲೋ ಒಂದು ಕಡೆ ಯಾರಾದರೂ ರಾಗವಾಗಿ ಹಾಡಬಾರದಿತ್ತೇ ಅನ್ನಿಸಿದರೆ ಲಿಂಕಿನ್ ಪಾರ್ಕ್. ನಮ್ಮ ಕಡೆಯ ವಾದ್ಯ, ನಮ್ಮ ಕಡೆಯ ಭಾಷೆ ಬೇಕೆನ್ನಿಸಿದರೆ ದೆಹಲಿಯ ಬ್ಲಡಿವುಡ್. ಇನ್ನು ಒಂದೊಂದನ್ನೇ ಬಿಡಿಸಿ ಹೇಳುತ್ತೇನೆ. ಅದಕ್ಕೂ ಮುನ್ನ ಈ ಬೆರಕೆ ಏಕೆ ಕಷ್ಟದ್ದು ಎಂದು ತಿಳಿದರೆ ಮುಂದಿನದು ಸಲೀಸು.

ಗಿಟಾರ್ ಮಾತನ್ನು ನುಂಗಿದರೆ?

ರ‍್ಯಾಪಿನ ಜೀವ ಇರುವುದು ವ್ಯಂಜನಗಳಲ್ಲಿ. ಕ, ಟ, ಪ, ಸ ಅಕ್ಷರಗಳು ತಾಳಕ್ಕೆ ಸರಿಯಾಗಿ ಬಡಿಯಬೇಕು. ಪ್ರಾಸ ಕಿವಿಗೆ ಬೀಳಬೇಕು. ಮನುಷ್ಯನ ಮಾತಿನಲ್ಲಿ ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿರುತ್ತದೆ. ಡಿಸ್ಟಾರ್ಷನ್ ಹಾಕಿದ, ಅಂದರೆ ಬೇಕೆಂದೇ ಸದ್ದನ್ನು ಒರಟಾಗಿಸಿದ, ಗಿಟಾರ್ ಕೂಡ ಅದೇ ಜಾಗವನ್ನು ತುಂಬಿಬಿಡುತ್ತದೆ. ಇಬ್ಬರೂ ಒಂದೇ ಕುರ್ಚಿಗೆ ಬಂದು ನಿಂತಾಗ ಮಾತು ಮಸುಕಾಗುತ್ತದೆ, ಇಲ್ಲವೇ ಗಿಟಾರ್ ತೆಳ್ಳಗಾಗುತ್ತದೆ. ಕೆಳಸ್ತರದಲ್ಲೂ ಇದೇ ಜಗಳ: ಹಿಪ್‌ಹಾಪಿನ ಕಿಕ್ ಡ್ರಮ್ಮಿಗೆ ಸುತ್ತ ಖಾಲಿ ಜಾಗ ಬೇಕು, ರಾಕ್ ತಂಡದಲ್ಲಿ ಅದೇ ಜಾಗದಲ್ಲಿ ಬೇಸ್ ಗಿಟಾರ್ ಮತ್ತು ಕೆಳಗಿಳಿಸಿ ಶ್ರುತಿ ಮಾಡಿದ ಗಿಟಾರ್ ಗುಡುಗುತ್ತಿರುತ್ತವೆ.

ವೇಗದ ಮಾತೂ ಇದೆ. ಹಿಪ್‌ಹಾಪ್ ಸಾಮಾನ್ಯವಾಗಿ ನಿಮಿಷಕ್ಕೆ 85–100 ಬೀಟಿನ ಸುತ್ತ ನಡೆಯುತ್ತದೆ. ಹೆವಿ ರಾಕಿನ ಬಿರುಸು ವೇಗದ ಬಗೆಯಾದ ಥ್ರ್ಯಾಶ್ ಮೆಟಲ್ ಅದರ ಎರಡು ಪಟ್ಟು ಓಡುತ್ತದೆ. ಹಾಗಾಗಿ ಬೆರೆಸಲು ಹೊರಟವರು ರಾಕನ್ನು ನಿಧಾನಿಸಿ, ರಿಫ್‌ಗಳನ್ನು (ಮರುಕಳಿಸುವ ಗಿಟಾರ್ ಸಾಲುಗಳನ್ನು) ತುಂಡು ತುಂಡಾಗಿಸಿ ನುಡಿಸಬೇಕಾಯಿತು. ಒಳ್ಳೆಯ ರ‍್ಯಾಪ್–ರಾಕ್ ಹಾಡುಗಳಲ್ಲಿ ಗಮನಿಸಿ: ಮಾತು ಬರುವಾಗ ಗಿಟಾರ್ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ, ಅಥವಾ ಬೇಸ್ ಮತ್ತು ಡ್ರಮ್ಮಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತದೆ, ಪಲ್ಲವಿಗೆ ಮಾತ್ರ ಪೂರ್ತಿ ಬಾಯಿ ತೆರೆಯುತ್ತದೆ. ಆ ಮೌನಗಳನ್ನು ಯಾವ ತಂಡ ಎಲ್ಲಿಡುತ್ತದೆ ಎನ್ನುವುದೇ ಆ ತಂಡದ ಗುರುತು. ಮುಂದೆ ಹೇಳುವ ಎಲ್ಲ ಹೋಲಿಕೆಯನ್ನೂ ನಾನು ಇದರ ಮೇಲೆಯೇ ಅಳೆಯುವುದು.

ಹಿಪ್‌ಹಾಪ್ ಕಡೆಯಿಂದ: ರನ್-ಡಿಎಂಸಿ, ಬೀಸ್ಟೀ ಬಾಯ್ಸ್

ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಹಾಲಿಸ್ ಬಡಾವಣೆಯ ಮೂವರು ಹುಡುಗರ ತಂಡ ರನ್-ಡಿಎಂಸಿ: ಜೋಸೆಫ್ ಸಿಮನ್ಸ್, ಡ್ಯಾರಿಲ್ ಮೆಕ್‌ಡ್ಯಾನಿಯಲ್ಸ್, ಟರ್ನ್‌ಟೇಬಲ್ ಮುಂದೆ ಜೇಸನ್ ಮಿಜೆಲ್ ಉರುಫ್ ಜಾಮ್ ಮಾಸ್ಟರ್ ಜೇ. 1984ರ 'ರಾಕ್ ಬಾಕ್ಸ್' ಹಾಡಿನಲ್ಲಿ ಎಡ್ಡಿ ಮಾರ್ಟಿನೆಜ್ ನುಡಿಸಿದ ಗಿಟಾರ್ ಡ್ರಮ್ ಮಷೀನಿನ ಮೇಲೆ ಕಿರುಚುತ್ತ ಓಡುತ್ತದೆ. ಎರಡು ವರ್ಷದ ನಂತರ, 1986ರಲ್ಲಿ, ಏರೋಸ್ಮಿತ್ ತಂಡದ 1975ರ ಹಾಡು 'ವಾಕ್ ದಿಸ್ ವೇ'ಯನ್ನು ಅದೇ ತಂಡದ ಸ್ಟೀವನ್ ಟೈಲರ್, ಜೋ ಪೆರ್ರಿ ಜೊತೆ ಸೇರಿ ಮತ್ತೆ ಮಾಡಿದರು. ನಿರ್ಮಾಪಕ ರಿಕ್ ರೂಬಿನ್ ಒತ್ತಾಸೆಯಿಂದಾದ ಕೆಲಸ ಅದು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 4ನೇ ಸ್ಥಾನಕ್ಕೆ ಏರಿತು, ಇಳಿಮುಖವಾಗಿದ್ದ ಏರೋಸ್ಮಿತ್‌ಗೂ ಎರಡನೇ ಇನ್ನಿಂಗ್ಸ್ ತೆರೆಯಿತು. ವಿಡಿಯೋದಲ್ಲಿ ಅಕ್ಕಪಕ್ಕದ ಕೋಣೆಗಳ ನಡುವಿನ ಗೋಡೆ ಒಡೆಯುತ್ತದೆ. ಕರಿಯರ ಸಂಗೀತ, ಬಿಳಿಯರ ಸಂಗೀತ ಎಂದು ರೇಡಿಯೋ ಸ್ಟೇಷನ್‌ಗಳೂ ಅಂಗಡಿಗಳೂ ಬೇರೆ ಬೇರೆ ಕಪಾಟು ಮಾಡಿದ್ದ ದೇಶದಲ್ಲಿ ಆ ಗೋಡೆ ಬರೀ ಸೆಟ್ಟಿನ ಗೋಡೆಯಾಗಿರಲಿಲ್ಲ.

ರನ್-ಡಿಎಂಸಿಯನ್ನು ಇಂದು ಕೇಳಿದರೆ 'ಹೆವಿ' ಅನ್ನಿಸದೆ ಇರಬಹುದು. ಡ್ರಮ್ ಮಷೀನ್ ಒಣಗಿದ ಹಾಗಿದೆ, ಸುತ್ತ ವಿಶಾಲವಾದ ಖಾಲಿ ಜಾಗ. ಆದರೆ ಆ ಖಾಲಿ ಜಾಗವೇ ಅದರ ಬಲ. ಒಬ್ಬ ಅರ್ಧ ಸಾಲು ಹೇಳಿ ಇನ್ನೊಬ್ಬ ಮುಗಿಸುವ ಅವರ ಜುಗಲ್‌ಬಂದಿ ಒಂದಕ್ಷರ ಬಿಡದೆ ಕೇಳುತ್ತದೆ. ರ‍್ಯಾಪ್ ಅಂದರೆ ಏನು ಎಂದು ಮೊದಲಿನಿಂದ ತಿಳಿಯಬೇಕೆನ್ನುವವರಿಗೆ, ಬಿರುಸಿಗಿಂತ ಹುರುಪು ಬೇಕೆನ್ನುವವರಿಗೆ 'ರೈಸಿಂಗ್ ಹೆಲ್' ಆಲ್ಬಂ ಇವತ್ತಿಗೂ ಒಳ್ಳೆಯ ಆರಂಭ.

ಬೀಸ್ಟೀ ಬಾಯ್ಸ್ ಬಂದ ದಾರಿ ಉಲ್ಟಾ. 1981ರಲ್ಲಿ ನ್ಯೂಯಾರ್ಕಿನಲ್ಲಿ ಹಾರ್ಡ್‌ಕೋರ್ ಪಂಕ್ (ವೇಗದ, ಒರಟು ರಾಕ್) ತಂಡವಾಗಿ ಶುರುವಾಗಿ ಆಮೇಲೆ ಹಿಪ್‌ಹಾಪಿಗೆ ಹೊರಳಿದವರು. 1986ರ 'ಲೈಸನ್ಸ್ಡ್ ಟು ಇಲ್' ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಮೊದಲ ರ‍್ಯಾಪ್ ಆಲ್ಬಂ. ಅದರ 'ನೋ ಸ್ಲೀಪ್ ಟಿಲ್ ಬ್ರೂಕ್ಲಿನ್' ಹಾಡಿನ ಗಿಟಾರ್ ಸೋಲೋ ನುಡಿಸಿದವರು ಥ್ರ್ಯಾಶ್ ಮೆಟಲ್ ತಂಡ ಸ್ಲೇಯರ್‌ನ ಕೆರ್ರಿ ಕಿಂಗ್. ಮೆಟಲ್ ಕೇಳುವವರಿಗೆ ಇದು ಸಣ್ಣ ಸಂಗತಿಯಲ್ಲ. ಆ ಆಲ್ಬಂನ ಹುಡುಗಾಟಿಕೆಯ ಹೆಣ್ಣು-ಕುಡಿತದ ಸಾಲುಗಳು ನನಗೆ ಹಿಡಿಸುವುದಿಲ್ಲ, ಮುಂದೆ ಅವರಿಗೂ ಹಿಡಿಸಲಿಲ್ಲ. ನಾನು ಶಿಫಾರಸು ಮಾಡುವುದು 1992ರ 'ಚೆಕ್ ಯುವರ್ ಹೆಡ್' ಮತ್ತು 1994ರ 'ಇಲ್ ಕಮ್ಯುನಿಕೇಷನ್'. ಆ ಹೊತ್ತಿಗೆ ತಂಡದ ಮೂವರೂ ಮತ್ತೆ ತಮ್ಮ ವಾದ್ಯಗಳನ್ನು ಕೈಗೆತ್ತಿಕೊಂಡಿದ್ದರು. 'ಸಬೊಟಾಜ್' ಹಾಡಿನಲ್ಲಿ ಆ್ಯಡಮ್ ಯಾಕ್‌ನ ಬೇಸ್ ಉಜ್ಜುವ ಉಜ್ಜುವಿಕೆಗೆ ಇಯರ್‌ಫೋನ್ ಸಾರ್ಥಕವಾಗುತ್ತದೆ. ಟಿಬೆಟಿನ ಪರವಾಗಿ 1996ರಿಂದ ದೊಡ್ಡ ಕಛೇರಿಗಳ ಸರಣಿಯನ್ನೇ ನಡೆಸಿದ ಯಾಕ್ 2012ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ತಂಡ ಅಲ್ಲಿಗೆ ನಿಂತಿತು.

ಒಂದೇ ಊರು, ಮೂರು ಕೋಪ

ಈಗ ಲಾಸ್ ಏಂಜಲೀಸ್. ನನ್ನ ಮಟ್ಟಿಗೆ ಈ ಬೆರಕೆಯ ನಿಜವಾದ ಊರು ಅದು. 1991–92ರ ಒಂದೂವರೆ ವರ್ಷದಲ್ಲಿ ಆ ಕಡೆಯಿಂದ ಮೂರು ಮೊದಲ ಆಲ್ಬಂಗಳು ಬಂದವು: 1991ರ ಆಗಸ್ಟ್‌ನಲ್ಲಿ ಸೈಪ್ರೆಸ್ ಹಿಲ್, 1992ರ ಮಾರ್ಚ್‌ನಲ್ಲಿ ಬಾಡಿ ಕೌಂಟ್, ಅದೇ ವರ್ಷ ನವೆಂಬರ್‌ನಲ್ಲಿ ರೇಜ್ ಅಗೇನ್ಸ್ಟ್ ದ ಮಷೀನ್. ರಾಡ್ನಿ ಕಿಂಗ್ ಎಂಬ ಕರಿಯ ವ್ಯಕ್ತಿಯನ್ನು ಪೊಲೀಸರು ಸುತ್ತುವರಿದು ಬಡಿದದ್ದು ವಿಡಿಯೋದಲ್ಲಿ ಸೆರೆಯಾಗಿತ್ತು. 1992ರ ಏಪ್ರಿಲ್ 29ರಂದು ಆ ಪೊಲೀಸರನ್ನು ನ್ಯಾಯಮಂಡಲಿ ದೋಷಮುಕ್ತಗೊಳಿಸಿತು. ಊರು ಹೊತ್ತಿ ಉರಿಯಿತು. ಬಾಡಿ ಕೌಂಟ್ ಆಲ್ಬಂ ಆ ಗಲಭೆಗೆ ತಿಂಗಳ ಮುಂಚಿನದು, ರೇಜ್ ಅದಾದ ಅರ್ಧ ವರ್ಷಕ್ಕೆ ಬಂದದ್ದು. ಇವೆರಡನ್ನು ಈ ಕ್ರಮದಲ್ಲೇ ಕೇಳಿ. ಹೋಲಿಕೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಬಾಡಿ ಕೌಂಟ್ ಕಟ್ಟಿದವರು ರ‍್ಯಾಪರ್ ಐಸ್-ಟಿ ಮತ್ತು ಗಿಟಾರ್ ನುಡಿಸುವ ಎರ್ನೀ ಸಿ. ಇಬ್ಬರೂ ಕ್ರೆನ್ಶಾ ಹೈಸ್ಕೂಲಿನ ಕಾಲದ ಗೆಳೆಯರು. ಇದು ರಾಕ್ ತಂಡ, ರ‍್ಯಾಪ್ ತಂಡವಲ್ಲ ಎಂದು ಐಸ್-ಟಿ ಮೊದಲಿನಿಂದ ಹೇಳುತ್ತ ಬಂದಿದ್ದಾರೆ. ಕೇಳಿದರೆ ಅದು ಸರಿ ಅನ್ನಿಸುತ್ತದೆ: ಸಂಗೀತ ನೇರ ಥ್ರ್ಯಾಶ್, ಹಾರ್ಡ್‌ಕೋರ್. ಮೇಲಿನ ದನಿ ಮಾತ್ರ ರ‍್ಯಾಪರನದು. ಬೀದಿಯಲ್ಲಿ ನಿಂತು ಕೈ ತೋರಿಸಿ ಮಾತನಾಡುವ ದನಿ. ಆಲ್ಬಂನಲ್ಲಿದ್ದ 'ಕಾಪ್ ಕಿಲ್ಲರ್' ಹಾಡು ಪೊಲೀಸ್ ದೌರ್ಜನ್ಯಕ್ಕೆ ಸೇಡು ಬಯಸುವ ಒಬ್ಬ ಪಾತ್ರದ ಬಾಯಲ್ಲಿ ಬರುವಂಥದ್ದು. ಪೊಲೀಸ್ ಸಂಘಟನೆಗಳು, ರಾಜಕಾರಣಿಗಳು ತಿರುಗಿಬಿದ್ದರು. ಅದೇ ವರ್ಷ ಹಾಡನ್ನು ತೆಗೆದು ಆಲ್ಬಂ ಮರುಬಿಡುಗಡೆಯಾಯಿತು. ಅದೇ ಐಸ್-ಟಿ 2000ದಿಂದ ಅಮೆರಿಕದ ಜನಪ್ರಿಯ ಟೀವಿ ಧಾರಾವಾಹಿಯಲ್ಲಿ ಪೊಲೀಸ್ ಪತ್ತೇದಾರನ ಪಾತ್ರ ಮಾಡುತ್ತಿದ್ದಾರೆ.

ಬಾಡಿ ಕೌಂಟ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಮೊದಲ ಆಲ್ಬಂನಿಂದ ಶುರು ಮಾಡಬೇಡಿ. ಚರಿತ್ರೆಗೆ ಅದು ಬೇಕು, ಆದರೆ ಅದರ ಧ್ವನಿಮುದ್ರಣ ತೆಳು. 2017ರ 'ಬ್ಲಡ್‌ಲಸ್ಟ್' ಹಾಕಿ. ಅರುವತ್ತರ ಹೊಸ್ತಿಲಲ್ಲಿದ್ದ ಮನುಷ್ಯ ಅಷ್ಟು ಸಿಟ್ಟನ್ನೂ ಅಷ್ಟು ಸ್ಪಷ್ಟತೆಯನ್ನೂ ಒಟ್ಟಿಗೆ ತಂದದ್ದು ನನಗೆ ಬಹಳ ದೊಡ್ಡದು. ಅದರ ಮುಂದಿನ 'ಕಾರ್ನಿವೋರ್' ಆಲ್ಬಂನ 'ಬಮ್-ರಷ್' ಹಾಡಿಗೆ 2021ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಬಂತು. ತಂಡದ ಮೊದಲ ಸಾಲಿನ ಸದಸ್ಯರಲ್ಲಿ ಮೂವರು ಈಗ ಬದುಕಿಲ್ಲ. ಇಬ್ಬರು ಕ್ಯಾನ್ಸರಿಗೆ, ಒಬ್ಬರು ಗುಂಡಿಗೆ ಬಲಿಯಾದರು. ಐಸ್-ಟಿ, ಎರ್ನೀ ಸಿ ಅದನ್ನು ದಾಟಿ ತಂಡವನ್ನು ನಡೆಸಿಕೊಂಡು ಬಂದರು.

ರೇಜ್‌ನ ಕೋಪ ಬೇರೆ ಜಾತಿಯದು. ಬಾಡಿ ಕೌಂಟ್ ನಿಮ್ಮ ಮುಂದೆ ನಿಂತಿರುವ ಪೊಲೀಸಿನವನನ್ನು ನೋಡುತ್ತದೆ; ರೇಜ್ ಅವನನ್ನು ಅಲ್ಲಿ ನಿಲ್ಲಿಸಿದ ವ್ಯವಸ್ಥೆಯನ್ನು ನೋಡುತ್ತದೆ. ಹಾಡುವ ಜ್ಯಾಕ್ ಡೆ ಲಾ ರೋಚಾ ಮೆಕ್ಸಿಕನ್-ಅಮೆರಿಕನ್ ಚಿತ್ರಕಲಾವಿದರೊಬ್ಬರ ಮಗ. ಗಿಟಾರಿನ ಟಾಮ್ ಮೊರೆಲೋ ಹಾರ್ವರ್ಡ್‌ನಲ್ಲಿ ಓದಿದವರು, ತಂದೆ ಕೀನ್ಯಾದ ರಾಜತಾಂತ್ರಿಕ. ಮೊದಲ ಆಲ್ಬಂನ ಮುಖಪುಟದಲ್ಲಿರುವುದು 1963ರಲ್ಲಿ ಸೈಗಾನ್‌ನಲ್ಲಿ ಬೌದ್ಧ ಭಿಕ್ಷು ತಿಕ್ ಕ್ವಾಂಗ್ ಡುಕ್ ಬೆಂಕಿ ಹಚ್ಚಿಕೊಂಡು ಪ್ರತಿಭಟಿಸಿದ ಚಿತ್ರ, ಮಾಲ್ಕಮ್ ಬ್ರೌನ್ ತೆಗೆದದ್ದು. ಆಲ್ಬಂ ಒಳಗೆ ಒಂದು ಟಿಪ್ಪಣಿ: ಇದರಲ್ಲಿ ಸ್ಯಾಂಪಲ್ (ಬೇರೆ ಧ್ವನಿಮುದ್ರಿಕೆಯಿಂದ ಕತ್ತರಿಸಿದ ತುಣುಕು), ಕೀಬೋರ್ಡ್, ಸಿಂಥಸೈಜರ್ ಯಾವುದನ್ನೂ ಬಳಸಿಲ್ಲ ಎಂದು. ಆ ಟಿಪ್ಪಣಿ ಏಕೆ ಬೇಕಾಯಿತು ಎಂದರೆ, ಕೇಳಿದವರು ನಂಬುವುದಿಲ್ಲ. ಗಿಟಾರಿನಿಂದಲೇ ಮೊರೆಲೋ ಡಿಜೆ ರೆಕಾರ್ಡ್ ಉಜ್ಜುವ ಸದ್ದು ತೆಗೆಯುತ್ತಾರೆ. ತಂತಿಯ ಸದ್ದು ಹಿಡಿಯುವ ಎರಡು ಪಿಕಪ್‌ಗಳಲ್ಲಿ ಒಂದರ ಸದ್ದನ್ನು ಪೂರ್ತಿ ಇಳಿಸಿ, ಸ್ವಿಚ್ಚನ್ನು ಆ ಕಡೆ ಈ ಕಡೆ ಪಟಪಟ ಹೊಡೆಯುತ್ತ ಇನ್ನೊಂದು ಕೈಯಲ್ಲಿ ತಂತಿಯನ್ನು ಉಜ್ಜುವುದು ಆ ಉಪಾಯ. ಹಿಪ್‌ಹಾಪಿನಲ್ಲಿ ಡಿಜೆ ಮಾಡುವ ಕೆಲಸವನ್ನು ರಾಕ್ ವಾದ್ಯವೇ ಕಲಿತುಬಿಟ್ಟಿತು. ಇಷ್ಟು ಆಳದಲ್ಲಿ ಎರಡೂ ಕೂಡಿದ್ದು ಬೇರೆಲ್ಲೂ ಇಲ್ಲ ಎಂದೇ ನನ್ನ ಎಣಿಕೆ.

ಗಿಟಾರ್–ಮಾತಿನ ಜಗಳವನ್ನು ರೇಜ್ ಬಗೆಹರಿಸಿದ ರೀತಿಯನ್ನು 'ಕಿಲ್ಲಿಂಗ್ ಇನ್ ದ ನೇಮ್' ಹಾಡಿನಲ್ಲಿ ಕೇಳಬಹುದು. ಮಾತು ಬರುವಾಗ ಟಿಮ್ ಕಾಮರ್‌ಫೋರ್ಡ್‌ನ ಬೇಸ್, ಬ್ರ್ಯಾಡ್ ವಿಲ್ಕ್‌ನ ಡ್ರಮ್ಸ್ ಮುಂದೆ. ಗಿಟಾರ್ ಕಾದು ಕುಳಿತಿರುತ್ತದೆ. ಕೊನೆಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತ ಪಿಸುಮಾತಿನಂಥದ್ದು ಅರಚಾಟಕ್ಕೆ ಏರುತ್ತದೆ. ಆ ಸಾಲಿನಲ್ಲಿ ಬೈಗುಳವಿದೆ, ಮನೆಮಂದಿಯ ಮಧ್ಯೆ ಜೋರಾಗಿ ಹಾಕುವ ಹಾಡಲ್ಲ. ಬ್ರಿಟನ್ನಿನಲ್ಲಿ 2009ರ ಕ್ರಿಸ್‌ಮಸ್ ವಾರ ಜನರೇ ಅಭಿಯಾನ ನಡೆಸಿ, ಟೀವಿ ಸ್ಪರ್ಧೆಯ ವಿಜೇತನ ಹಾಡನ್ನು ಹಿಂದೆ ಹಾಕಿ, 17 ವರ್ಷ ಹಳೆಯ ಈ ಹಾಡನ್ನು ಪಟ್ಟಿಯ ಮೊದಲ ಸ್ಥಾನಕ್ಕೆ ತಂದರು.

ಬಾಡಿ ಕೌಂಟ್ ಮತ್ತು ರೇಜ್ ನಡುವೆ ಒಂದನ್ನೇ ಆರಿಸಬೇಕಾದರೆ? ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಕೇಳಲು ಸೇರಿದ್ದ ಜನರಲ್ಲಿ ನೀವೂ ಒಬ್ಬರಾಗಿದ್ದರೆ, ವೇಗ ಮತ್ತು ಭಾರ ಎರಡಕ್ಕೂ ನಿಮ್ಮ ಕಿವಿ ಪಳಗಿದೆ. ಬಾಡಿ ಕೌಂಟ್ ಒಂದೇ ದಿನದಲ್ಲಿ ನಿಮ್ಮದಾಗುತ್ತದೆ. ಮೆಟಲ್ ಹೊಸದಾದರೆ ರೇಜ್. ಅದರಲ್ಲಿ ಕುಣಿಸುವ ಫಂಕ್ ಲಯ ಇದೆ, ಕಾಲು ತಾನೇ ತಾಳ ಹಾಕುತ್ತದೆ, ಭಾರ ಆಮೇಲೆ ಅರಿವಿಗೆ ಬರುತ್ತದೆ.

ಸೈಪ್ರೆಸ್ ಹಿಲ್: ಎರಡೂ ಮನೆಯವರು

ಮತ್ತೆ ಸೈಪ್ರೆಸ್ ಹಿಲ್‌ಗೆ ಬರುತ್ತೇನೆ, ಏಕೆಂದರೆ ಹಿಪ್‌ಹಾಪ್ ತಂಡವಾಗಿಯೇ ಉಳಿದು ಹೆವಿ ರಾಕನ್ನು ಪೂರ್ತಿ ಮೈಗೂಡಿಸಿಕೊಂಡವರು ಇವರೇ. ಲಾಸ್ ಏಂಜಲೀಸ್ ಪಕ್ಕದ ಸೌತ್ ಗೇಟ್ ಊರಿನವರು. ಸೆನ್ ಡಾಗ್ ಹುಟ್ಟಿದ್ದು ಕ್ಯೂಬಾದಲ್ಲಿ, ಬಿ-ರಿಯಲ್‌ಗೆ ಮೆಕ್ಸಿಕನ್, ಕ್ಯೂಬನ್ ಎರಡೂ ಬೇರುಗಳು. ಆಮೇಲೆ ಸೇರಿಕೊಂಡ ತಾಳವಾದ್ಯದ ಎರಿಕ್ ಬೋಬೊ ಲ್ಯಾಟಿನ್ ಜಾಝಿನ ಹೆಸರಾಂತ ವಿಲ್ಲೀ ಬೋಬೊ ಅವರ ಮಗ. 1993ರ 'ಬ್ಲ್ಯಾಕ್ ಸಂಡೇ' ನೇರವಾಗಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಅದರ ಒಂದು ಹಾಡಿನಲ್ಲಿ ಹೆವಿ ಮೆಟಲ್‌ನ ಆದಿ ತಂಡ ಬ್ಲ್ಯಾಕ್ ಸಬ್ಬತ್‌ನ 1970ರ 'ದ ವಿಜರ್ಡ್' ಹಾಡಿನ ಮೌತ್ ಆರ್ಗನ್ ತುಣುಕನ್ನು ಮಗ್ಸ್ ಕತ್ತರಿಸಿ ಕೂರಿಸಿದ್ದಾರೆ. ಅಂದರೆ ಗಿಟಾರ್ ತಂಡ ಜೊತೆಗೆ ನಿಲ್ಲುವ ಏಳು ವರ್ಷ ಮೊದಲೇ ರಾಕ್ ಅವರ ಬೀಟಿನೊಳಗೆ ಕೂತಿತ್ತು. 'ಸ್ಕಲ್ ಆ್ಯಂಡ್ ಬೋನ್ಸ್'ನ ಎರಡನೇ ಸೀಡಿಯನ್ನು ಆ ಕಾಲದ ಮಾರುಕಟ್ಟೆಯ ಬೆನ್ನುಹತ್ತಿದ್ದು ಎಂದು ತಳ್ಳಿಹಾಕುವವರಿಗೆ ಈ ಹಾಡೇ ನನ್ನ ಉತ್ತರ.

ದೌರ್ಬಲ್ಯವೂ ಇದೆ. ಆ ರಾಕ್ ಸೀಡಿ ಚಿಕ್ಕದು, ಎಲ್ಲ ಹಾಡೂ ಒಂದೇ ಮಟ್ಟದವಲ್ಲ; 'ಕಾಂಟ್ ಗೆಟ್ ದ ಬೆಸ್ಟ್ ಆಫ್ ಮಿ' ಮತ್ತು 'ರಾಕ್ ಸೂಪರ್‌ಸ್ಟಾರ್' ಮುಂದೆ ಉಳಿದವು ಸಪ್ಪೆ. ಸಾಹಿತ್ಯದಲ್ಲಿ ಗಾಂಜಾ ಎಲ್ಲೆಲ್ಲೂ ಇದೆ, ಬಂದೂಕೂ ಇದೆ. ಹದಿಹರೆಯದ ಮಕ್ಕಳಿಗೆ ಹುಡುಕುತ್ತಿರುವ ತಂದೆತಾಯಿ ಇದನ್ನು ತಿಳಿದೇ ಆರಿಸಲಿ. ಆದರೆ ವಾತಾವರಣ ಕಟ್ಟುವುದರಲ್ಲಿ, ನಿಧಾನವಾದ ಬೀಟಿನಲ್ಲಿ ಭಯದ ಬಿಗಿ ತರುವುದರಲ್ಲಿ ಇವರಿಗೆ ಸಮಾನರಿಲ್ಲ. 2024ರ ಜುಲೈನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ತಮ್ಮ ಹಾಡುಗಳನ್ನು ಪ್ರಸ್ತುತಪಡಿಸಿದರು. 1996ರ ಒಂದು ಕಾರ್ಟೂನ್ ಕಂತಿನಲ್ಲಿ ತಮಾಷೆಯಾಗಿ ಬಂದಿದ್ದ ಸನ್ನಿವೇಶ, 28 ವರ್ಷದ ನಂತರ ನಿಜವಾಯಿತು. ಪಿಟೀಲುಗಳ ನಡುವೆಯೂ ಆ ಹಾಡುಗಳು ಸಲೀಸಾಗಿ ನಿಂತವೆಂದರೆ, ಮಗ್ಸ್ ಕಟ್ಟಿದ ತುಣುಕುಗಳೊಳಗೆ ಎಷ್ಟು ಸಂಗೀತವಿತ್ತು ಎಂದು ತಿಳಿಯುತ್ತದೆ.

ರಾಗವೂ ಬೇಕೆನ್ನುವವರಿಗೆ

ಲಿಂಕಿನ್ ಪಾರ್ಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮಲ್ಲಿ ಇಂಗ್ಲಿಷ್ ರಾಕ್ ಕೇಳದವರೂ ಇವರ ಒಂದೆರಡು ಹಾಡು ಕೇಳಿರುತ್ತಾರೆ. 2000ದ ಅಕ್ಟೋಬರ್‌ನಲ್ಲಿ ಬಂದ 'ಹೈಬ್ರಿಡ್ ಥಿಯರಿ' ಸುಮಾರು 38 ನಿಮಿಷದ ಆಲ್ಬಂ, ಒಂದು ಬೈಗುಳವಿಲ್ಲ. ಮೈಕ್ ಶಿನೋಡಾ ರ‍್ಯಾಪ್ ಮಾಡುವಾಗ ಗಿಟಾರ್ ಹಿಂದೆ ಸರಿದು ಡಿಜೆ ಮಿಸ್ಟರ್ ಹಾನ್ ತುಣುಕುಗಳು ಮುಂದೆ ಬರುತ್ತವೆ. ಚೆಸ್ಟರ್ ಬೆನ್ನಿಂಗ್ಟನ್ ಹಾಡಲು ಬಾಯಿ ತೆರೆದಾಗ ಗಿಟಾರ್ ಬಾಗಿಲು ಒದ್ದು ಒಳನುಗ್ಗುತ್ತದೆ. ಮೇಲೆ ಹೇಳಿದ ಜಗಳಕ್ಕೆ ಅತ್ಯಂತ ಅಚ್ಚುಕಟ್ಟಾದ ಪರಿಹಾರ ಇದು. ಇಲ್ಲಿನ ಕೋಪ ಸರ್ಕಾರದ ಮೇಲಲ್ಲ, ಬೀದಿಯದೂ ಅಲ್ಲ. ಒಳಗೇ ಕುದಿಯುವ ನೋವು. ಚೆಸ್ಟರ್ 2017ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಆ ಸಾಲುಗಳನ್ನು ಮೊದಲಿನಂತೆ ಕೇಳುವುದು ನನಗೆ ಸಾಧ್ಯವಾಗಿಲ್ಲ. ಮನಸ್ಸು ಭಾರವಾಗಿರುವ ದಿನ ಈ ಆಲ್ಬಂ ಕೆಲವರಿಗೆ ಆಸರೆ, ಕೆಲವರಿಗೆ ಇನ್ನಷ್ಟು ಭಾರ. ನೀವು ಯಾವ ಗುಂಪಿನವರು ಎಂದು ನಿಮಗೇ ಗೊತ್ತಿರುತ್ತದೆ. 2024ರಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಗಾಯಕಿಯಾಗಿ ಬಂದು ತಂಡ ಮತ್ತೆ ಎದ್ದು ನಿಂತಿದೆ.

ರ‍್ಯಾಪ್ ಕಡೆಯಿಂದ ಬಂದವರಿಗೆ ಇವರ 2004ರ 'ಕೊಲಿಷನ್ ಕೋರ್ಸ್' ಇನ್ನೂ ಒಳ್ಳೆಯ ಬಾಗಿಲು. ರ‍್ಯಾಪರ್ ಜೇ-ಜೀ ಹಾಡುಗಳನ್ನೂ ತಮ್ಮವನ್ನೂ ಹೆಣೆದು ಮಾಡಿದ ಪುಟ್ಟ ಆಲ್ಬಂ ಅದು. ಚಂದನ್ ಶೆಟ್ಟಿ, ಆಲ್ ಓಕೆ ಹಾಡುಗಳಿಂದ ರ‍್ಯಾಪಿಗೆ ಬಂದ ಕಿವಿಗೆ ಇದು ಹೊರೆಯಾಗುವುದಿಲ್ಲ. ಬೀಟ್ ಪರಿಚಿತ, ಗಿಟಾರ್ ಮಾತ್ರ ಹೊಸದು.

ಲಿಂಪ್ ಬಿಜ್ಕಿಟ್ ಹೆಸರು ಎಲ್ಲ ಪಟ್ಟಿಯಲ್ಲೂ ಇರುತ್ತದೆ. ಗಿಟಾರಿನ ವೆಸ್ ಬೋರ್ಲಂಡ್ ನಿಜಕ್ಕೂ ಕಲ್ಪನಾಶೀಲ. ಆದರೆ ಫ್ರೆಡ್ ಡರ್ಸ್ಟ್‌ನ ರ‍್ಯಾಪಿನಲ್ಲಿ ಹೇಳುವಂಥದ್ದು ಬಹಳವಿಲ್ಲ. ಆರಂಭಕ್ಕೆ ಇದು ಬೇಡ.

ದೆಹಲಿಯ ಬ್ಲಡಿವುಡ್

ಢೋಲ್, ಕೊಳಲು, ಕೆಳಶ್ರುತಿಯ ಗಿಟಾರ್, ಹಿಂದಿ-ಪಂಜಾಬಿ ಸಾಲುಗಳು, ಇಂಗ್ಲಿಷ್ ರ‍್ಯಾಪ್. ಕೇಳುವ ಮುನ್ನ ಓದಿದರೆ ಖಿಚಡಿಯಂತೆ ಕಾಣುತ್ತದೆ, ಕೇಳಿದಾಗ ಹಾಗನ್ನಿಸುವುದಿಲ್ಲ. ಗಿಟಾರ್ ಮತ್ತು ಕೊಳಲಿನ ಕರಣ್ ಕಟಿಯಾರ್, ಹಾಡುವ ಜಯಂತ್ ಭದುಲಾ, ರ‍್ಯಾಪರ್ ರಾವುಲ್ ಕೆರ್ ತಂಡದ ಮೂರು ಕಂಬಗಳು. 2019ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿದರು, 2022ರಲ್ಲಿ 'ರಕ್ಷಕ್', 2025ರಲ್ಲಿ 'ನು ಡೆಲ್ಲಿ' ಆಲ್ಬಂ ಬಂದವು. ಇವರ ಜಾಣತನ ಢೋಲಿನಲ್ಲಿದೆ. ರಾಕ್ ಡ್ರಮ್ಸಿಗೂ ಹಿಪ್‌ಹಾಪ್ ಬೀಟಿಗೂ ನಡುವೆ ಇರುವ ಬಿರುಕನ್ನು ಆ ಕುಣಿಯುವ ತಾಳ ಮುಚ್ಚುತ್ತದೆ. ಲೈಂಗಿಕ ದೌರ್ಜನ್ಯ, ಒಡೆಯುವ ರಾಜಕಾರಣ, ಹುಡುಗರನ್ನು ಕಾಡುವ ಕಿರುಕುಳ, ಇವೆಲ್ಲ ಅವರ ಹಾಡಿನ ವಸ್ತು. ರ‍್ಯಾಪಿನ ಕುಸುರಿಯಲ್ಲಿ ಬಿ-ರಿಯಲ್ ಅಥವಾ ಡೆ ಲಾ ರೋಚಾ ಮಟ್ಟಕ್ಕೆ ಕೆರ್ ಇನ್ನೂ ಬಂದಿಲ್ಲ ಎಂದು ನನ್ನ ಅಭಿಪ್ರಾಯ. ಒಟ್ಟು ತಂಡದ ಕಸುವಿಗೆ ಅದರಿಂದ ಕೊರತೆಯಾಗಿಲ್ಲ. ಸಾಹಿತ್ಯ ಅರ್ಥವಾಗದೆ ಸಂಗೀತ ಹತ್ತಿರವಾಗುವುದಿಲ್ಲ ಎನ್ನುವವರು ಇಲ್ಲಿಂದ ಶುರು ಮಾಡುವುದು ಸರಿ.

ಕೇಳುವಾಗ ನೆರವಾಗುವ ಕೆಲವು ಮಾತು

ಸಾಹಿತ್ಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಮ್ಮೆ, ಮುಚ್ಚಿಟ್ಟು ಒಮ್ಮೆ ಕೇಳಿ. ರೇಜ್ ಮತ್ತು ಬಾಡಿ ಕೌಂಟ್‌ಗೆ ಇದು ಬೇಕೇ ಬೇಕು; ಏನನ್ನು ಕುರಿತು ಕೂಗುತ್ತಿದ್ದಾರೆ ಎಂದು ತಿಳಿಯದೆ ಹೋದರೆ ಬರೀ ಕೂಗು ಉಳಿಯುತ್ತದೆ. ರನ್-ಡಿಎಂಸಿಗೆ ಅಷ್ಟು ಬೇಕಿಲ್ಲ. ಪ್ರಯಾಣದಲ್ಲಿ, ಅದರಲ್ಲೂ ಬಸ್ಸಿನ ಗದ್ದಲದಲ್ಲಿ, ಸೈಪ್ರೆಸ್ ಹಿಲ್ ಕೇಳಬೇಡಿ. ಅದರ ಸೊಗಸೆಲ್ಲ ಕೆಳಸ್ತರದಲ್ಲಿ, ಎಂಜಿನ್ ಸದ್ದು ಅದನ್ನೇ ನುಂಗುತ್ತದೆ. ಬಸ್ಸಿಗೆ ಲಿಂಕಿನ್ ಪಾರ್ಕ್ ಸರಿ. ವ್ಯಾಯಾಮಕ್ಕೆ ರೇಜ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ದನಿ ಏರಿಸುವ ಆಸೆಗೆ ಮಿತಿ ಇಡಿ; ಡಿಸ್ಟಾರ್ಷನ್ ತುಂಬಿದ ಸಂಗೀತ ಸಣ್ಣ ದನಿಯಲ್ಲೂ ಕಿವಿಯನ್ನು ಬೇಗ ದಣಿಸುತ್ತದೆ.

ಒಂದು ತಂಡ ಹಿಡಿಸಿದ ಮೇಲೆ ಮುಂದಿನದಕ್ಕೆ ದಾಟಲು ಎರಡು ಸೇತುವೆಗಳಿವೆ. ಒಂದು, 1993ರ 'ಜಡ್ಜ್‌ಮೆಂಟ್ ನೈಟ್' ಸಿನಿಮಾದ ಹಾಡುಗಳ ಆಲ್ಬಂ. ಪ್ರತಿ ಹಾಡಿನಲ್ಲೂ ಒಂದು ರಾಕ್ ತಂಡ, ಒಂದು ರ‍್ಯಾಪ್ ತಂಡ ಜೋಡಿ: ಸ್ಲೇಯರ್ ಜೊತೆ ಐಸ್-ಟಿ, ಪರ್ಲ್ ಜ್ಯಾಮ್ ಜೊತೆ ಸೈಪ್ರೆಸ್ ಹಿಲ್, ಹೆಲ್ಮೆಟ್ ಜೊತೆ ಹೌಸ್ ಆಫ್ ಪೇನ್. ಯಾವ ಜೋಡಿ ಕೂಡಿತು, ಯಾವುದು ಕೂಡಲಿಲ್ಲ ಎಂದು ನೀವೇ ತೀರ್ಪು ಕೊಡಬಹುದು.

ಇನ್ನೊಂದು, 2000ದಲ್ಲಿ ರೇಜ್ ತಂದ 'ರೆನೆಗೇಡ್ಸ್' ಆಲ್ಬಂ, ಪೂರ್ತಿ ಬೇರೆಯವರ ಹಾಡುಗಳದ್ದು. ಅದರಲ್ಲಿ ಸೈಪ್ರೆಸ್ ಹಿಲ್‌ನ 1991ರ 'ಹೌ ಐ ಕುಡ್ ಜಸ್ಟ್ ಕಿಲ್ ಎ ಮ್ಯಾನ್' ಇದೆ. ಮೂಲದಲ್ಲಿ ಮಗ್ಸ್ ಜೋಡಿಸಿದ ತುಣುಕುಗಳ ಜಾಗದಲ್ಲಿ ಇಲ್ಲಿ ಮೊರೆಲೋನ ಗಿಟಾರ್ ಇದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಗ್ರ್ಯಾಂಡ್ ಒಲಿಂಪಿಕ್ ಆಡಿಟೋರಿಯಂನಲ್ಲಿ ರೇಜ್ ಕಛೇರಿ ನಡೆದಾಗ ಬಿ-ರಿಯಲ್, ಸೆನ್ ಡಾಗ್ ಇಬ್ಬರೂ ವೇದಿಕೆಗೆ ಬಂದು ಡೆ ಲಾ ರೋಚಾ ಜೊತೆ ಈ ಹಾಡು ಹೇಳಿದರು. ಆ ಧ್ವನಿಮುದ್ರಿಕೆಯೂ ಸಿಗುತ್ತದೆ. ಮೂಲ, ರೇಜ್ ರೂಪ, ವೇದಿಕೆಯ ರೂಪ, ಈ ಕ್ರಮದಲ್ಲಿ ಮೂರನ್ನೂ ಒಂದೇ ಸಂಜೆ ಕೇಳಿ.